ಹೆಗಲ ಮೇಲೊಂದು ಚೀಲ

ಅರುವತ್ತು ದಾಟಿದ ಹೆಂಗಸರಿಗೆ ಲೋಕವು ಒಪ್ಪಿಕೊಟ್ಟಿರುವ ಪ್ರಯಾಣಗಳು ಮೂರೇ: ಮಕ್ಕಳ ಮನೆಗೆ, ವೈದ್ಯರಲ್ಲಿಗೆ, ದೇವಸ್ಥಾನಕ್ಕೆ. ಅಮೆರಿಕದ ಒಹಾಯೊ ರಾಜ್ಯದ ಎಮ್ಮಾ ಗೇಟ್‌ವುಡ್ ಎಂಬಾಕೆ ತಮ್ಮ ಅರುವತ್ತೇಳನೆಯ ವಯಸ್ಸಿನಲ್ಲಿ ಈ ಮೂರನ್ನೂ ಬಿಟ್ಟು ನಾಲ್ಕನೆಯದೊಂದನ್ನು ಹಿಡಿದರು. ಹನ್ನೊಂದು ಮಕ್ಕಳನ್ನು ಹೆತ್ತು ಬೆಳೆಸಿದ ಆ ತಾಯಿ, ನಡೆದು ಬರಲು ಹೋಗುತ್ತೇನೆಂದಷ್ಟೇ ಮಕ್ಕಳಿಗೆ ಹೇಳಿ ಹೊರಟರು. 1955ರ ಮೇ 3ರಂದು ಜಾರ್ಜಿಯದ ಓಗಲ್‌ಥಾರ್ಪ್ ಬೆಟ್ಟದಲ್ಲಿ ಮೊದಲಾದ ಆ ನಡಿಗೆ ಮುಗಿದದ್ದು 146 ದಿನಗಳ ತರುವಾಯ, ಸುಮಾರು 2,050 ಮೈಲಿಗಳಾಚೆ!

ಆಕೆ ಹಿಡಿದದ್ದು ಅಪಲೇಶಿಯನ್ ಪರ್ವತಗಳ ಬೆನ್ನ ಮೇಲೆ ಸಾಗುವ ಕಾಲುದಾರಿ. ನಗರದ ಗದ್ದಲದಿಂದ ಬಳಲಿದ ಜನರಿಗಾಗಿ ಇಂಥದೊಂದು ದಾರಿ ಬೇಕೆಂದು ಬೆಂಟನ್ ಮೆಕೇ ಎಂಬ ಅರಣ್ಯತಜ್ಞರು 1921ರಲ್ಲಿ ಸೂಚಿಸಿದರು. 1937ರ ವೇಳೆಗೆ ಅದು ಹದಿನಾಲ್ಕು ರಾಜ್ಯಗಳನ್ನು ಹಾದು ಪೂರ್ತಿಯಾಯಿತು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ್ದ ಅರ್ಲ್ ಶಾಫರ್ ಎಂಬ ಯೋಧರು 1948ರಲ್ಲಿ ಅದನ್ನು ಒಂದೇ ಸಲಕ್ಕೆ ನಡೆದು ಮುಗಿಸಿದರು. ಹೆಂಗಸೊಬ್ಬಳು ಒಂಟಿಯಾಗಿ ಹಾಗೆ ನಡೆದುದು ಗೇಟ್‌ವುಡ್ ಅವರಿಂದಲೇ ಮೊದಲು. ಅದೂ ಮೊದಲ ಯತ್ನದಲ್ಲಲ್ಲ. ಹಿಂದಿನ ವರ್ಷ ಉತ್ತರದ ತುದಿಯಿಂದ ಹೊರಟಿದ್ದ ಆಕೆ ಮೇನ್ ರಾಜ್ಯದ ಕಾಡಿನಲ್ಲಿ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮರಳಿದ್ದರು. ಮನೆಗೆ ಹೋಗಿರೆಂದು ಅರಣ್ಯದ ಕಾವಲುಗಾರರು ಬುದ್ಧಿ ಹೇಳಿದ್ದರು. ಹೋದರು ನಿಜ, ಮರುವರ್ಷವೇ ದಕ್ಷಿಣದ ತುದಿಯಲ್ಲಿ ಪ್ರತ್ಯಕ್ಷರಾದರು.

ಪರ್ವತಾರೋಹಿಗಳ ಸಲಕರಣೆಗಳ ಪಟ್ಟಿಯನ್ನು ಓದಿದರೇ ಬೆನ್ನು ಬಾಗುವುದುಂಟು. ಗೇಟ್‌ವುಡ್ ಅವರ ಬಳಿ ಇದ್ದುದು ತಾವೇ ಹೊಲಿದುಕೊಂಡ ಒಂದು ಒರಟು ಬಟ್ಟೆಯ ಚೀಲ. ಗುಡಾರವಿಲ್ಲ, ಮಳೆ ಬಂದರೆ ಹೊದೆಯಲು ಸ್ನಾನದ ಮನೆಗೆ ಕಟ್ಟುವ ಪ್ಲಾಸ್ಟಿಕ್ ಪರದೆ, ಚಳಿಗೆ ಒಂದು ಕಂಬಳಿ. ಕಾಲಿಗೆ ಮಕ್ಕಳು ಆಟಕ್ಕೆ ತೊಡುವಂಥ ಬಟ್ಟೆಯ ಬೂಟು. ಒಂದು ಜೊತೆ ಹರಿದರೆ ಇನ್ನೊಂದು!

ಆಕೆಯ ಒಂದು ದಿನದ ಕ್ರಮ ಸರಳವಾದದ್ದು. ಬೆಳಕು ಹರಿಯುತ್ತಲೇ ಎದ್ದು ಚೀಲವನ್ನು ಹೆಗಲಿಗೇರಿಸುವುದು. ಮರಗಳ ಮೇಲೆ ಬಳಿದ ಬಿಳಿಯ ಗುರುತುಗಳನ್ನು ಅರಸುತ್ತ ನಡೆಯುವುದು. ಒಣದ್ರಾಕ್ಷಿ, ಕಡಲೆಕಾಯಿ ಬೀಜ, ಡಬ್ಬಿಯ ಮಾಂಸ, ದಾರಿಯ ಪೊದೆಗಳಲ್ಲಿ ಸಿಕ್ಕ ಹಣ್ಣು, ಇವೇ ಆಹಾರ. ಸರಾಸರಿ ದಿನಕ್ಕೆ ಹದಿನಾಲ್ಕು ಮೈಲಿ. ಸಂಜೆಯಾದರೆ ದಾರಿಯ ಬದಿಯ ಮರದ ತಂಗುಮನೆ; ಅದಿಲ್ಲವಾದರೆ ಒಟ್ಟಿಕೊಂಡ ತರಗೆಲೆಯ ಹಾಸಿಗೆ. ಅದೂ ಬೇಡವೆನಿಸಿದ ದಿನ ಯಾವುದಾದರೊಂದು ಮನೆಯ ಬಾಗಿಲು.

ಈ ಬಾಗಿಲುಗಳದೇ ಒಂದು ಕಥೆ. ಕೆದರಿದ ತಲೆಯ, ಕೆಸರು ಮೆತ್ತಿದ ಮುದುಕಿಯೊಬ್ಬಳು ಕತ್ತಲಲ್ಲಿ ಬಂದು ನಿಂತರೆ ಗೃಹಸ್ಥರು ಏನು ಮಾಡಬೇಕು? ಕೆಲವರು ಬಿಸಿ ಊಟವಿಕ್ಕಿ ಹಾಸಿಗೆ ಹಾಸಿದರು. ಕೆಲವರು ಭಿಕಾರಿಯೆಂದು ಬಗೆದು ಬಾಗಿಲು ಮುಚ್ಚಿದರು. ಇಬ್ಬರೂ ಕಂಡದ್ದು ಅದೇ ಮುಖವನ್ನು, ಅದೇ ಚೀಲವನ್ನು. ವೃತ್ತಪತ್ರಿಕೆಗಳಲ್ಲಿ ಆಕೆಯ ಚಿತ್ರ ಬಂದ ಮೇಲೆ ಬಾಗಿಲು ತೆರೆಯುವುದು ಸುಲಭವಾಯಿತು. ಆದರೆ ಹೆಸರು ಅರಿಯದೆ ಅನ್ನವಿಕ್ಕಿದವರ ಔದಾರ್ಯವೇ ದೊಡ್ಡದು.

ಆ ವರ್ಷದ ಆಗಸ್ಟಿನಲ್ಲಿ ಒಂದರ ಹಿಂದೊಂದು ಎರಡು ಚಂಡಮಾರುತಗಳು ಅಮೆರಿಕದ ಪೂರ್ವತೀರಕ್ಕೆ ಅಪ್ಪಳಿಸಿದವು; ನೆರೆಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು. ವರ್ಮಾಂಟ್ ರಾಜ್ಯದಲ್ಲಿ ಉಕ್ಕಿ ಹರಿಯುವ ನೀರೊಂದು ಆಕೆಯ ದಾರಿಗೆ ಅಡ್ಡವಾಯಿತು. ಒಬ್ಬರೇ ಇಳಿದರೆ ಉಳಿಯುವಂತಿರಲಿಲ್ಲ. ಹಠಮಾರಿಯಾದ ಆಕೆಗೆ ಕಾಯುವ ವಿವೇಕವೂ ಇತ್ತು. ನೌಕಾಪಡೆಯಲ್ಲಿ ದುಡಿದಿದ್ದ ಇಬ್ಬರು ತರುಣರು ಆ ದಾರಿಯಾಗಿ ಬಂದರು. ಆಕೆಯನ್ನು ನಡುವೆ ನಿಲ್ಲಿಸಿ, ಮೂವರಿಗೂ ಸೇರಿಸಿ ಹಗ್ಗ ಬಿಗಿದು, ಹೊಳೆಯನ್ನು ದಾಟಿಸಿದರು. ಒಂಟಿ ಪ್ರಯಾಣವೆಂದು ಪ್ರಸಿದ್ಧವಾದ ಆ ನಡಿಗೆಯಲ್ಲಿ ಹೀಗೆ ಎಷ್ಟು ಕೈಗಳು ಸೇರಿದ್ದವೋ!

ಏಕೆ ನಡೆಯುತ್ತೀರಿ ಎಂದು ಕೇಳಿದ ವರದಿಗಾರರಿಗೆ ಆಕೆ ಬಗೆಬಗೆಯ ಉತ್ತರ ಕೊಟ್ಟರು. ತಾವು ವಿಧವೆ ಎಂದೂ ಹೇಳಿದರು. ಅದು ನಿಜವಾಗಿರಲಿಲ್ಲ, ಪತಿ ಬದುಕಿದ್ದರು. ಮೂವತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ಆತ ಆಕೆಯನ್ನು ಹಲ್ಲು, ಪಕ್ಕೆಲುಬು ಮುರಿಯುವಷ್ಟು ಹೊಡೆದಿದ್ದುಂಟು. ಆ ದಿನಗಳಲ್ಲಿ ಆಕೆ ಓಡಿಹೋಗಿ ಸಮಾಧಾನ ಪಡೆಯುತ್ತಿದ್ದುದು ಮನೆಯ ಹಿಂದಿನ ಕಾಡಿನಲ್ಲಿ. 1940ರ ದಶಕದ ಆರಂಭದಲ್ಲಿ ವಿಚ್ಛೇದನ ದೊರೆಯಿತು. ಕಾಡಿನಲ್ಲಿ ಒಬ್ಬರೇ ಇರಲು ಭಯವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಕೇಳಿದವರಿಗೆ ಈ ಸಂಗತಿ ತಿಳಿದಿರಲಿಲ್ಲ. ಭಯವೆಂಬುದನ್ನು ಆಕೆ ಕಂಡದ್ದು ಸೂರಿನ ಕೆಳಗೆ. ಕಾಡು ಆಕೆಗೆ ತವರಾಗಿತ್ತು.

ಸೆಪ್ಟೆಂಬರ್ 25ರಂದು ಕಟಾಡಿನ್ ಶಿಖರವನ್ನೇರಿ, ಅಲ್ಲಿನ ಪುಸ್ತಕದಲ್ಲಿ ಹೆಸರು ಬರೆದು, ನಾಡಗೀತವೊಂದನ್ನು ಹಾಡಿ ಆಕೆ ಇಳಿದರು. ದಾರಿ ಇಷ್ಟು ಕಠಿಣವೆಂದು ಮೊದಲೇ ತಿಳಿದಿದ್ದರೆ ಹೊರಡುತ್ತಲೇ ಇರಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆದರೆ ಎರಡೇ ವರ್ಷಕ್ಕೆ ಅದೇ ದಾರಿಯನ್ನು ಪೂರ್ತಿ ನಡೆದರು. 1964ರಲ್ಲಿ ಮೂರನೆಯ ಸಲವೂ ಮುಗಿಸಿದರು. ಬಿದ್ದ ಮರಗಳು, ಅಳಿಸಿದ ಗುರುತುಗಳು ಇವನ್ನು ಕುರಿತು ಆಕೆ ಆಡಿದ ಖಾರದ ಮಾತುಗಳಿಂದ ದಾರಿಯ ರಕ್ಷಣೆಗೆ ಜನರ ಗಮನ ಹರಿಯಿತು. 1973ರಲ್ಲಿ ಎಂಬತ್ತೈದು ತುಂಬಿದ್ದ ಆಕೆ ತೀರಿಕೊಂಡರು.

ಇಂದು ಪ್ರತಿವರ್ಷ ಸಾವಿರಾರು ಜನ ಆ ದಾರಿಯನ್ನು ಪೂರ್ತಿ ನಡೆಯಲೆಂದು ಹೊರಡುತ್ತಾರೆ; ಸುಮಾರು ನಾಲ್ವರಲ್ಲಿ ಒಬ್ಬರು ಕೊನೆ ಮುಟ್ಟುತ್ತಾರೆ. ರಸ್ತೆಗಳು ದಾರಿಯನ್ನು ಅಡ್ಡಹಾಯುವೆಡೆಗಳಲ್ಲಿ ಹತ್ತಿರದ ಊರಿನವರು ನೀರು, ಹಣ್ಣು, ತಿಂಡಿಗಳನ್ನು ಇಟ್ಟುಹೋಗುವುದುಂಟು. ಯಾರಿಗೆಂದು ಅವರು ಕೇಳುವುದಿಲ್ಲ. ಯಾರು ಕೊಟ್ಟರೆಂದು ಉಂಡವನಿಗೂ ತಿಳಿಯುವುದಿಲ್ಲ.