ಇಬ್ಬರ ಮುನಿಸೂ ತಿಮ್ಮಯ್ಯನವರ ಪಾಲಿಗೆ

ಜನರಲ್ ಕೊಡಂದೇರ ಎಸ್. ತಿಮ್ಮಯ್ಯ ಎಂದರೆ ನಮಗೆ ನೆನಪಾಗುವುದು ಎರಡು ಸಂಗತಿ. 1948ರ ನವೆಂಬರ್‌ನಲ್ಲಿ ಕಾಶ್ಮೀರದ ಜೋಜಿ ಲಾ ಹಿಮದಾರಿಗೆ ಟ್ಯಾಂಕ್‌ ಹತ್ತಿಸಿದ್ದು ಒಂದು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ಜಟಾಪಟಿಯಿಂದ ಭೂಸೇನಾ ಮುಖ್ಯಸ್ಥ ಹುದ್ದೆಗೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂಪಡೆದದ್ದು ಇನ್ನೊಂದು. ಮಡಿಕೇರಿಯಲ್ಲಿ ಹುಟ್ಟಿದ ಈ ಯೋಧ ಕೊರಿಯಾ ಮತ್ತು ಸೈಪ್ರಸ್‌ನಲ್ಲಿ ಶಾಂತಿಪಾಲಕನಾಗಿ ಮಾಡಿದ ಕೆಲಸದ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಕದನ ವಿರಾಮಗಳು ಘೋಷಣೆಯಾಗಿ ಮುರಿದುಬೀಳುತ್ತಿರುವ ಈ ಹೊತ್ತಿಗೆ ಬೇಕಾದ ಪಾಠ ಇರುವುದು ಅಲ್ಲಿಯೇ.

ಕೊರಿಯಾ ಯುದ್ಧ ಶುರುವಾದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ್ದಾಗಿತ್ತು. ಆ ಕುರ್ಚಿಯಲ್ಲಿದ್ದವರು ಕರಾವಳಿಯ ಬೆನಗಲ್ ನರಸಿಂಗ ರಾವ್. ಅದೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ರಚಿಸಿದ ಮೂವರ ಕದನ ವಿರಾಮ ಸಮಿತಿಯಲ್ಲೂ ಅವರಿದ್ದರು. ಆ ಯತ್ನ ಫಲಿಸಲಿಲ್ಲ. ಕೊನೆಗೆ 1953ರ ಜುಲೈನಲ್ಲಿ ಕದನ ವಿರಾಮ ಒಪ್ಪಂದವಾದಾಗ ಉಳಿದ ಕಗ್ಗಂಟು ಯುದ್ಧಕೈದಿಗಳದು. ಊರಿಗೆ ಮರಳುವುದಿಲ್ಲ ಎಂದವರು ಅಮೆರಿಕ ನೇತೃತ್ವದ ವಿಶ್ವಸಂಸ್ಥೆ ಪಡೆಯ ಸೆರೆಯಲ್ಲಿ 22 ಸಾವಿರಕ್ಕೂ ಹೆಚ್ಚು, ಉತ್ತರ ಕೊರಿಯಾ ಮತ್ತು ಚೀನಾದ ಸೆರೆಯಲ್ಲಿ 359 ಮಂದಿ. ಇವರ ಇಚ್ಛೆ ನಿಜವಾಗಿಯೂ ಅವರದೇನಾ ಎಂದು ಕಂಡುಕೊಳ್ಳಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ತಿಮ್ಮಯ್ಯ ಅದರ ಅಧ್ಯಕ್ಷರು.

ಹೆಸರಿಗೆ ತಟಸ್ಥರಾದರೂ ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಒಂದು ದಿಕ್ಕಿಗೆ, ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ದಿಕ್ಕಿಗೆ. ಮತ ಸಮವಾದಾಗ ನಿರ್ಧಾರ ಭಾರತದ ತಲೆಗೆ. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಿದ್ದರಿಂದ, ಪಡೆಯನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲೇ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಎದುರಾದದ್ದು ಕೈದಿಗಳ ಕಲ್ಲು ಮತ್ತು ಘೋಷಣೆ.

ಕೆಲಸ ನಡೆದದ್ದು ಹೀಗೆ: ಕೈದಿಯನ್ನು ಡೇರೆಯೊಳಗೆ ಕರೆತರುತ್ತಿದ್ದರು. ಅವನ ದೇಶದ ಪ್ರತಿನಿಧಿ ವಾಪಸಾಗುವಂತೆ ಮನವೊಲಿಸುತ್ತಿದ್ದ, ಆಯೋಗದವರು ಕುಳಿತು ನೋಡುತ್ತಿದ್ದರು. ಹೊರಹೋಗಲು ಎರಡು ಬಾಗಿಲು; ಒಂದು ತಾಯ್ನೆಲದತ್ತ, ಇನ್ನೊಂದು ಮತ್ತೆ ಶಿಬಿರದತ್ತ. ಆದರೆ ಶಿಬಿರದೊಳಗೆ ಆಳುತ್ತಿದ್ದವರು ಕೈದಿಗಳ ನಾಯಕರೇ. ಊರಿಗೆ ಹೋಗಬೇಕೆಂದವನಿಗೆ ರಾತ್ರಿ ಕಳೆಯುವುದೇ ಕಷ್ಟವಿತ್ತು. ಕಾವಲು ಪಡೆ ಗುಂಡು ಹಾರಿಸಿ ಕೈದಿಗಳು ಸತ್ತ ಪ್ರಸಂಗಗಳೂ ನಡೆದವು. ಮನವೊಲಿಕೆಗೆಂದು ಇದ್ದ 90 ದಿನಗಳ ಅವಧಿಯಲ್ಲಿ ಅದು ನಡೆದದ್ದು ಹತ್ತೇ ದಿನ.

1954ರ ಜನವರಿಯಲ್ಲಿ ತಿಮ್ಮಯ್ಯನವರ ಮುಂದೆ ಸುಲಭದ ದಾರಿಗಳಿದ್ದವು. ಕೈದಿಗಳನ್ನು ಬಿಡುಗಡೆ ಮಾಡಿದ್ದರೆ ಅಮೆರಿಕ ಮೆಚ್ಚುತ್ತಿತ್ತು, ಇನ್ನಷ್ಟು ಕಾಲ ಹಿಡಿದಿಟ್ಟಿದ್ದರೆ ಚೀನಾ ಮೆಚ್ಚುತ್ತಿತ್ತು. ಬಿಡುಗಡೆಗೊಳಿಸುವ ಅಧಿಕಾರ ತಮಗಿಲ್ಲ ಎಂದು ಅವರು ಕೈದಿಗಳನ್ನು ಸೆರೆಹಿಡಿದಿದ್ದ ಪಡೆಗೇ ಒಪ್ಪಿಸಿದರು. ಎರಡೂ ಬಣ ಆಕ್ಷೇಪಿಸಿದವು, ಯುದ್ಧ ಮಾತ್ರ ಮತ್ತೆ ಹೊತ್ತಿಕೊಳ್ಳಲಿಲ್ಲ. ಯಾವ ಕಡೆಯೂ ಬೇಡವೆಂದ 88 ಮಂದಿ ಭಾರತಕ್ಕೆ ಬಂದರು.

1964ರ ಜುಲೈನಲ್ಲಿ, ನಿವೃತ್ತರಾಗಿ ಮೂರು ವರ್ಷದ ಮೇಲೆ, ಸೈಪ್ರಸ್‌ನ ಶಾಂತಿಪಾಲನಾ ಪಡೆಯ ಹೊಣೆ ಬಂತು. ತಿಂಗಳೊಳಗೆ ಟರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಗ್ರೀಕ್ ಮತ್ತು ಟರ್ಕಿಷ್ ಸೈಪ್ರಿಯಟ್‌ರ ನಡುವೆ ನಿಂತು, ದಿಗ್ಬಂಧನ ಸಡಿಲಿಸುವ, ಹಳ್ಳಿ ಹಳ್ಳಿಯ ಜಗಳ ತಣಿಸುವ ಕೆಲಸದಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಮರುವರ್ಷ ಅವರ ಅಂಚೆಚೀಟಿ ತಂದಿತು. ಲಾರ್ನಕಾದ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಇದರ ಮಿತಿಯನ್ನೂ ಒಪ್ಪಿಕೊಳ್ಳಬೇಕು. 1974ರಲ್ಲಿ ಸೈಪ್ರಸ್ ಇಬ್ಭಾಗವಾಯಿತು, ವಿಶ್ವಸಂಸ್ಥೆಯ ಪಡೆ ಇಂದಿಗೂ ಅಲ್ಲಿದೆ. ಕೊರಿಯಾದಲ್ಲಿ ಶಾಂತಿ ಒಪ್ಪಂದ ಇನ್ನೂ ಆಗಿಲ್ಲ. ಶಾಂತಿಪಾಲಕ ಕಾಲಾವಕಾಶ ಗಳಿಸಿಕೊಡಬಲ್ಲ, ಆ ಕಾಲವನ್ನು ರಾಜಕಾರಣಿಗಳು ಪೋಲು ಮಾಡಿದರೆ ಅವನೇನು ಮಾಡಿಯಾನು?

ಎಲ್ಲರಿಗೂ ಬೇಕಾದವರಾಗಿದ್ದೇವೆ, ಆದ್ದರಿಂದ ಮಧ್ಯಸ್ಥಿಕೆಗೆ ನಾವೇ ಸೂಕ್ತ ಎಂಬ ಮಾತು ದೆಹಲಿಯಲ್ಲಿ ಆಗಾಗ ಕೇಳುತ್ತದೆ. ಎಲ್ಲರಿಗೂ ಬೇಕಾದವನು ಎರಡೂ ಕಡೆಯವರನ್ನು ಮಾತುಕತೆಗೆ ಕುಳ್ಳಿರಿಸಬಹುದು. ಆದರೆ ಒಪ್ಪಂದದ ಅಕ್ಷರಕ್ಕೆ ಅಂಟಿಕೊಂಡು ನಿಂತಾಗ ಇಬ್ಬರೂ ಬೇಸರಿಸಿಕೊಳ್ಳುತ್ತಾರೆ. ಆ ಬೇಸರ ತಾಳಿಕೊಳ್ಳುವ ಸಿದ್ಧತೆ ಇದ್ದರಷ್ಟೇ ಭಾರತ ಆ ಕುರ್ಚಿ ಕೇಳಬೇಕು.