ಪ್ರಬಂಧ ಬೀರುವಿನಲ್ಲಿ, ಕಾರ್ಬೈಡು ಬುಟ್ಟಿಯಲ್ಲಿ

ಮೈಸೂರಿನ ಚೆಲುವಾಂಬ ಮ್ಯಾನ್ಷನ್ ಮುಂದೆ ದಿನಾ ಬಸ್ಸಿನಲ್ಲಿ ಹೋಗುವವರನ್ನು ಕೇಳಿ ನೋಡಿ, ಒಳಗೆ ಏನು ನಡೆಯುತ್ತೆ ಅಂತ. "ಏನೋ ಸಂಶೋಧನೆಯಂತೆ" ಅಂತಾರೆ. ಅದು ಸಿ.ಎಫ್.ಟಿ.ಆರ್.ಐ. 1950ರಲ್ಲಿ ಶುರುವಾದ ಕೇಂದ್ರ ಸಂಸ್ಥೆ. ಎಂ.ಎಸ್ಸಿ., ಪಿಎಚ್.ಡಿ. ಹುಡುಗ ಹುಡುಗಿಯರು ನಾವು ತಿನ್ನುವ ಅನ್ನ, ಹಣ್ಣು, ಎಣ್ಣೆಯ ಮೇಲೇ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುವ ಜಾಗ.

"ಅದರಿಂದ ನಮಗೇನು ಬಂತು?" ಅನ್ನುವ ಅಂಗಡಿಯವರು ಹಿಂದಿರುಗಿ ತಮ್ಮ ಕಪಾಟನ್ನೇ ನೋಡಲಿ. ಎಮ್ಮೆ ಹಾಲಿನಿಂದ ಎಳೆಮಕ್ಕಳ ಆಹಾರ ಮಾಡೋದು ಆಗದ ಮಾತು ಅಂತಿದ್ದ ಕಾಲದಲ್ಲಿ, 1950ರ ದಶಕದಲ್ಲಿ, ಅದನ್ನು ಮಾಡಿ ತೋರಿಸಿದ್ದು ಇದೇ ಮೈಸೂರು. ಆ ವಿಧಾನ ಗುಜರಾತಿನ ಆನಂದಕ್ಕೆ ಹೋಗಿ ಅಮುಲ್ ಡಬ್ಬಿಯಾಯಿತು.

ಅಂದರೆ ಪ್ರಯೋಗಶಾಲೆಯಿಂದ ಅಂಗಡಿಗೆ ದಾರಿ ಇದೆ. ಹಾಗಾದರೆ ಹಣ್ಣಿನ ಬುಟ್ಟಿಯ ಹತ್ತಿರ ಆ ದಾರಿ ಯಾಕೆ ಮುಚ್ಚಿಹೋಯಿತು?

ಮಾವು, ಬಾಳೆ ಹಣ್ಣಾಗುವುದು ತಾವೇ ಬಿಡುವ ಎಥಿಲೀನ್ ಅನಿಲದಿಂದ. ಕಾರ್ಬೈಡು ಹಾಕಿದರೆ ಬರೋದು ಅಸಿಟಿಲೀನ್. ಜೊತೆಗೆ ಆರ್ಸೆನಿಕ್, ರಂಜಕದ ವಿಷದಂಶ. ಕಾರ್ಬೈಡಿಗೆ ಕಾನೂನಿನ ನಿಷೇಧವಿದೆ. ಎಥಿಲೀನ್ ಅನಿಲಕ್ಕೆ ಹತ್ತು ಲಕ್ಷಕ್ಕೆ 100 ಭಾಗದವರೆಗೆ ಅನುಮತಿ ಇದೆ. ಹಣ್ಣಿಗೆ ತಾಗದಂತೆ ಇಡುವ ಎಥಿಲೀನ್ ಪೊಟ್ಟಣಕ್ಕೂ ಅವಕಾಶವಿದೆ. ಆದರೂ 2024ರ ಮಾವಿನ ಕಾಲದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ "ಕಾರ್ಬೈಡು ಬೇಡ" ಅಂತ ದೇಶಕ್ಕೆಲ್ಲ ಮತ್ತೆ ಎಚ್ಚರಿಕೆ ಕೊಡಬೇಕಾಯಿತು!

ತಪ್ಪು ತಳ್ಳುಗಾಡಿಯವನದೊಂದೇ ಅಲ್ಲ ಸ್ವಾಮಿ. ಹಣ್ಣು ಮಾಗಿಸುವ ಕೋಣೆ ಕಟ್ಟಿಸಲು ಅವನ ಹತ್ತಿರ ದುಡ್ಡಿಲ್ಲ. ಪೊಟ್ಟಣದ ವಿಚಾರ ಅವನಿಗೆ ಅರ್ಥವಾಗುವ ಮಾತಿನಲ್ಲಿ ಕೂತು ಹೇಳಿದವರು ಎಷ್ಟು ಜನ? ತಪಾಸಣೆ ಬಂದಾಗ ಬುಟ್ಟಿ ಹೋಗೋದು ಅವನದು. ಹೊಟ್ಟೆ ಕೆಡೋದು ನಮ್ಮ ಮಕ್ಕಳದು.

ಸಂಸ್ಥೆ ಉದ್ಯಮಿಗಳಿಗೆ ತರಬೇತಿ ಕೊಡುತ್ತೆ, ತಂತ್ರಜ್ಞಾನವನ್ನೂ ಒದಗಿಸುತ್ತೆ. ಸುಳ್ಳಲ್ಲ. ಆದರೆ ವಿದ್ಯಾರ್ಥಿಗಳ ಪ್ರಬಂಧ ಇಂಗ್ಲಿಷಿನಲ್ಲಿ ಬರೆದದ್ದು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೇ ತಲೆಬುಡ ತಿಳಿಯೋಲ್ಲ ಅಂದಮೇಲೆ ಮಂಡಿಯವರ ಪಾಡೇನು?

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಪ್ರಬಂಧದ ಜೊತೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಇರಲಿ. ಹಣ್ಣು, ತರಕಾರಿಯ ಮೇಲೆ ಸಂಶೋಧನೆ ಮಾಡುವವರು ಒಂದು ತಿಂಗಳು ಮಂಡಿಯಲ್ಲಿ ನಿಂತು ಕಲಿಯಲಿ, ಕಲಿಸಲಿ. ಸಂಸ್ಥೆ ನಡೆಯುವುದು ಜನರ ತೆರಿಗೆಯಿಂದ. ಅದರ ಫಲ ದೇವರಾಜ ಮಾರುಕಟ್ಟೆ ಮುಟ್ಟೋದು ಬೇಡವೇ?