ಲ.ಸಾ.ಅ. ಎಂದರೆ ಕೆಳಗಿಳಿಯುವುದಲ್ಲ

ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ, ಸಿನಿಮಾ ವಿಮರ್ಶೆ ಓದುವವರಿಗೆ ‘ಲೋಯೆಸ್ಟ್ ಕಾಮನ್ ಡಿನಾಮಿನೇಟರ್’ ಎಂಬ ಮಾತು ಹೊಸದಲ್ಲ. ಟಿವಿ ಕಾರ್ಯಕ್ರಮ ಕೀಳುಮಟ್ಟದ್ದಾಗಿದ್ದರೆ, ಭಾಷಣಕಾರರು ಅಗ್ಗದ ಚಪ್ಪಾಳೆಗಾಗಿ ಮಾತನಾಡಿದರೆ, ಅವರು ಆ ಮಟ್ಟಕ್ಕೆ ಇಳಿದರು ಎಂದು ಬರೆಯುತ್ತಾರೆ. ಎಲ್ಲರನ್ನೂ ಮೆಚ್ಚಿಸಲು ಹೋಗಿ ಗುಣಮಟ್ಟ ಕೆಡಿಸಿದರು ಎಂದು ಅರ್ಥ. ಈ ಮಾತು ಹೊರಟದ್ದು ನಾವು ಶಾಲೆಯಲ್ಲಿ ಕಲಿತ ಭಿನ್ನರಾಶಿಯಿಂದ. ಗಣಿತದ ವಿದ್ಯಾರ್ಥಿನಿಯಾಗಿ ನನ್ನ ತಕರಾರು ಇಷ್ಟೆ: ಗಣಿತದಲ್ಲಿ ಅದು ಮಾಡುವ ಕೆಲಸ ಇದಲ್ಲ.

ಲೆಕ್ಕ ಮಾಡಿಯೇ ನೋಡೋಣ. 1/2, 1/3, 1/5 ಇವನ್ನು ಕೂಡಬೇಕು. ಛೇದಗಳು ಬೇರೆ ಬೇರೆಯಾದ್ದರಿಂದ ಹಾಗೆಯೇ ಕೂಡಲಾಗದು. 2, 3, 5ರ ಲ.ಸಾ.ಅ. 30. ಈಗ ಅವು 15/30, 10/30, 6/30 ಆಗುತ್ತವೆ; ಮೊತ್ತ 31/30. ಗಮನಿಸಿ, 30 ಆ ಮೂರೂ ಛೇದಗಳಿಗಿಂತ ದೊಡ್ಡದು. ಯಾವ ಭಿನ್ನರಾಶಿಯ ಬೆಲೆಯೂ ಕಡಿಮೆಯಾಗಲಿಲ್ಲ, ರೂಪ ಮಾತ್ರ ಬದಲಾಯಿತು. 60 ಅಥವಾ 90 ತೆಗೆದುಕೊಂಡರೂ ಲೆಕ್ಕ ಆಗುತ್ತದೆ. ‘ಲಘುತ್ತಮ’ ಎಂದರೆ ಬೇಕಾದ್ದಕ್ಕಿಂತ ಹೆಚ್ಚು ದೊಡ್ಡದು ಬೇಡ ಎಂದಷ್ಟೇ.

ವಿಮರ್ಶಕರು ಹೇಳಲು ಹೊರಟದ್ದು ಬಹುಶಃ ಮ.ಸಾ.ಅ. ಇರಬೇಕು. 8, 12, 20 ಈ ಮೂರಕ್ಕೂ ಸಾಮಾನ್ಯವಾಗಿ ಉಳಿಯುವುದು 4 ಮಾತ್ರ. ಅದು ಮೂರಕ್ಕಿಂತಲೂ ಚಿಕ್ಕದು. ಆದರೆ ಅದರ ಹೆಸರಿನಲ್ಲಿ ‘ಮಹತ್ತಮ’ ಇದೆಯಲ್ಲ, ಬೈಯಲು ಒದಗುವುದಿಲ್ಲ! ಇಂಗ್ಲಿಷಿನಲ್ಲಿ ‘ಲೋ’ ಎಂದರೆ ಕೀಳು ಎಂಬ ಅರ್ಥವೂ ಇದೆ, ‘ಕಾಮನ್’ ಎಂದರೆ ಒರಟು, ಸಾಧಾರಣ ಎಂಬ ಅರ್ಥವೂ ಇದೆ. ಆ ಎರಡು ಪದಗಳ ಬಲದಿಂದಲೇ ಗಣಿತದ ಮಾತು ಬೈಗುಳವಾಯಿತು ಎಂದು ನನ್ನ ಅನಿಸಿಕೆ. ‘ಡಿನಾಮಿನೇಟರ್’ನ ಲ್ಯಾಟಿನ್ ಮೂಲದ ಅರ್ಥ ‘ಹೆಸರಿಡುವುದು’. ಭಾಗಗಳು ಅರ್ಧವೋ ಕಾಲೋ ಎಂದು ಹೇಳುವ ಸಂಖ್ಯೆ ಅದು. ಪಾಪ, ಅದರ ತಪ್ಪೇನೂ ಇಲ್ಲ.

ಲ.ಸಾ.ಅ.ದ ನಿಜವಾದ ಗುಣ ನೋಡಬೇಕಾದರೆ ನಮ್ಮ ಫರಾಇಝ್, ಅಂದರೆ ಆಸ್ತಿ ಹಂಚಿಕೆಯ ಲೆಕ್ಕ ನೋಡಿ. ಒಬ್ಬರು ಪತ್ನಿ, ತಾಯಿ ಮತ್ತು ಒಬ್ಬ ಮಗನನ್ನು ಬಿಟ್ಟು ತೀರಿಕೊಂಡರು ಎನ್ನೋಣ. ಸಾಲ, ವಸಿಯ್ಯತ್ ಎಲ್ಲ ಕಳೆದ ಮೇಲೆ ಪತ್ನಿಗೆ 1/8, ತಾಯಿಗೆ 1/6, ಉಳಿದದ್ದು ಮಗನಿಗೆ. 8 ಮತ್ತು 6ರ ಲ.ಸಾ.ಅ. 24. ಪತ್ನಿಗೆ 3 ಪಾಲು, ತಾಯಿಗೆ 4, ಮಗನಿಗೆ 17. ಯಾರ ಪಾಲನ್ನೂ ಮತ್ತೆ ಒಡೆಯಬೇಕಾಗಿಲ್ಲ. ಈ 24ಕ್ಕೆ ಉಲಮಾಗಳು ‘ಅಸ್ಲುಲ್ ಮಸ್ಅಲ’, ಲೆಕ್ಕದ ಬುನಾದಿ ಎನ್ನುತ್ತಾರೆ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿ ಅಲ್-ಖ್ವಾರಿಝ್ಮಿ ಬರೆದ ಬೀಜಗಣಿತದ ಪುಸ್ತಕದಲ್ಲೂ ದೊಡ್ಡ ಭಾಗ ವಸಿಯ್ಯತ್ ಮತ್ತು ಆಸ್ತಿ ಹಂಚಿಕೆಯ ಲೆಕ್ಕಗಳದ್ದೇ. ಎಲ್ಲರ ಹಕ್ಕೂ ಪೂರ್ತಿಯಾಗಿ ಉಳಿಯುವಂತೆ ಹಂಚಲು ಸಾಮಾನ್ಯ ಛೇದ ಬೇಕಿತ್ತು.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ತರಗತಿ. ಇಲ್ಲಿ ಮನೆಯಲ್ಲಿ ಬ್ಯಾರಿ, ಉರ್ದು, ತುಳು, ಕನ್ನಡ ಮಾತನಾಡುವವರೆಲ್ಲ ಇದ್ದೇವೆ. ಹತ್ತನೇ ತರಗತಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದವರು ಪ್ರಥಮ ಪಿಯುಗೆ ಬಂದ ದಿನದಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ಅವರಲ್ಲೊಬ್ಬರು ಎದ್ದು ಕನ್ನಡದಲ್ಲಿ ಡೌಟ್ ಕೇಳಿದರೆ ಹಿಂದಿನ ಬೆಂಚಿನಿಂದ “ಕ್ಲಾಸ್ ಲೆವೆಲ್ ಇಳೀತು” ಎಂಬ ಪಿಸುಮಾತು ಬರುತ್ತದೆ. ಆ ಮಾತು ಕೇಳಿಸಿಕೊಂಡವರು ಮುಂದಿನ ಸಲ ಕೈ ಎತ್ತುವುದಿಲ್ಲ. ಪರೀಕ್ಷೆಯಲ್ಲಿ ಕಳೆದುಕೊಳ್ಳುವ ಅಂಕಗಳು ಅಲ್ಲಿಂದಲೇ ಶುರುವಾಗುತ್ತವೆ.

ಲೆವೆಲ್ ಇಳಿಯುವುದಿಲ್ಲ ಎಂಬುದು ನನ್ನ ವಾದ. 1/2 ಅನ್ನು 12/24 ಎಂದು ಬರೆದರೆ ಅದು ಅರ್ಧಕ್ಕಿಂತ ಕಡಿಮೆಯಾಗುವುದಿಲ್ಲ. ‘ವೆಲಾಸಿಟಿ’ಯನ್ನು ಒಮ್ಮೆ ‘ವೇಗ’ ಎಂದು ಹೇಳಿದರೆ ಭೌತಶಾಸ್ತ್ರ ಸುಲಭವಾಗಿಬಿಡುವುದೂ ಇಲ್ಲ. ಮೇಲೂ ಕೆಳಗೂ ಗುಣಿಸುವ ಶ್ರಮ ಮಾತ್ರ ಹೆಚ್ಚು. ಆ ಶ್ರಮವನ್ನು ಉಪನ್ಯಾಸಕರ ಮೇಲಷ್ಟೇ ಹಾಕದೆ ನಾವೂ ಹಂಚಿಕೊಳ್ಳಬಹುದು.

ಅದಕ್ಕೊಂದು ಸಲಹೆ. ಪ್ರತಿ ಅಧ್ಯಾಯದ ಹತ್ತು ಮುಖ್ಯ ಪದಗಳನ್ನು ಇಂಗ್ಲಿಷ್, ಕನ್ನಡ, ಉರ್ದು ಮೂರರಲ್ಲೂ ಬರೆದು ತರಗತಿಯ ಗೋಡೆಗೆ ಅಂಟಿಸೋಣ. ದ್ವಿತೀಯ ಪಿಯುನವರು ಬರೆಯಲಿ, ಉಪನ್ಯಾಸಕರು ತಿದ್ದಿಕೊಡಲಿ. ಗಣಿತದ ಪಟ್ಟಿಯನ್ನು ನಾನು ಬರೆಯುತ್ತೇನೆ. ಉರ್ದು ಪದಗಳಿಗೆ ಜೊತೆಗೊಬ್ಬರು ಬೇಕು.